ಒಂದು ಕೂಸಿಗೆ ಒಂದು ಸೀಸೆ

“ಬಾಯಾರ, ಒಂದೇ ಕೂಸು ಬಂದರೆ ಲಸಿಕೆಯ ಸೀಸೆ ತೆರೆಯಬೇಕೋ ಬೇಡವೋ?” ಎಂದು ಶಿವಲೀಲಾ ಕೇಳಿದಳು.

ಅವಳು ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್. ದಡಾರದ ಲಸಿಕೆ ಸೀಸೆಯೊಂದಕ್ಕೆ ಐದು ಡೋಸ್. ತೆರೆದ ನಾಲ್ಕು ಗಂಟೆಯೊಳಗೆ ಕೊಟ್ಟು ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಆ ಬೆಳಿಗ್ಗೆ ಅವಳು ರಸ್ತೆ ಕೆಲಸದ ಹೆಂಗಸೊಬ್ಬಳಿಗೆ, ಮುಂದಿನ ಗುರುವಾರ ಬಾ ಎಂದು ಹೇಳಿ ಕೂಸಿನೊಂದಿಗೆ ಹಾಗೆಯೇ ಕಳಿಸಿದ್ದಳು.

“ಅವರ ಗುಂಪು ಇಲ್ಲಿ ಇನ್ನೆಷ್ಟು ದಿನ ಇರುತ್ತದೆ?” ಎಂದರು ಅನುಸೂಯಾಬಾಯಿ.

“ಕೇಳಲಿಲ್ಲ.”

ಅನುಸೂಯಾಬಾಯಿ ಮೂವತ್ತು ವರ್ಷ ನರ್ಸುಗಳಿಗೆ ಪಾಠ ಹೇಳಿದವರು. ಕಪಾಟಿನಿಂದ ಹಳೆಯ ಡೈರಿಯೊಂದನ್ನು ತೆಗೆದು, ಹಾಳೆ ಹುಡುಕಿ, ಬೆರಳಿಟ್ಟರು. ೧೯೮೮, ಫೆಬ್ರವರಿ ೪, ಗುರುವಾರ. ಆಮೇಲೆ ಓದದೆ, ಕತೆಯ ಹಾಗೆ ಹೇಳಿದರು.

ಒಬ್ಬ ನರ್ಸ್ ಇದ್ದಳು. ಅವಳ ರಿಜಿಸ್ಟರಿನಲ್ಲಿ ‘ಚೆಲ್ಲಿದ ಡೋಸ್’ ಎಂಬ ಕಲಂ ಇತ್ತು. ಎರಡು ವರ್ಷದಿಂದ ಅಲ್ಲಿ ಸೊನ್ನೆ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಆ ಸೊನ್ನೆಗಳ ಮೇಲೆ ಅವಳಿಗೆ ಬಹಳ ಅಭಿಮಾನ.

ಆ ಗುರುವಾರ ಒಬ್ಬ ಕುರಿಗಾರತಿ ಹತ್ತು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ನರ್ಸ್ ಅವಳ ಹಿಂದೆ ನೋಡಿದಳು. ಬೇರೆ ಯಾರೂ ಇರಲಿಲ್ಲ.

“ಐದು ಕೂಸು ಕೂಡಿದರೆ ಸೀಸೆ ತೆರೆಯುತ್ತೇನೆ. ಮುಂದಿನ ಗುರುವಾರ ಬಾ.”

“ಹಂಗಾರ ಇನ್ನೂ ನಾಕು ಹಡಕೊಂಡು ಬರ್ಲೇನ್ರಿ ಅಕ್ಕಾರ?” ಎಂದಳು ಕುರಿಗಾರತಿ.

ಸಾಲಿನಲ್ಲಿ ಕುಳಿತ ಬಸುರಿಯರು ನಕ್ಕರು. ನರ್ಸ್ ನಗಲಿಲ್ಲ. ಕುರಿಗಾರತಿ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟುಹೋದಳು. ಆ ದಿನವೂ ಕಲಮಿನಲ್ಲಿ ಸೊನ್ನೆ ಬಿತ್ತು.

ಮುಂದಿನ ಗುರುವಾರ ಮೂರು ಕೂಸು ಬಂದವು. ಕುರಿಗಾರತಿ ಬಂದರೆ ನಾಲ್ಕಾಗುತ್ತದೆ, ಇನ್ನೊಂದು ಕೂಡಿದರೆ ಸೀಸೆ ತೆರೆಯಬಹುದು ಎಂದು ನರ್ಸ್ ಮಧ್ಯಾಹ್ನದವರೆಗೆ ಬಾಗಿಲು ನೋಡಿದಳು. ಅವಳು ಬರಲಿಲ್ಲ. ಇಂಥವರಿಗೆ ಹೇಳಿ ಏನು ಪ್ರಯೋಜನ ಎಂದು ನರ್ಸ್ ಬೇಸರಪಟ್ಟಳು. ಆ ಮೂರು ಕೂಸುಗಳೂ ಹಾಗೆಯೇ ಹಿಂದಿರುಗಿದವು.

ಎರಡು ದಿನ ಕಳೆದ ಮೇಲೆ, ಪಡುವಲ ದಿಕ್ಕಿನ ಊರಿನಲ್ಲಿ ದಡಾರ ಎದ್ದಿದೆ ಎಂದು ಸುದ್ದಿ ಬಂತು. ಸುದ್ದಿ ತಂದ ರೈತನನ್ನು ನರ್ಸ್ ಕೇಳಿದಳು: “ಹೋದ ವಾರ ಇಲ್ಲಿದ್ದ ಕುರಿಯವರು ಎಲ್ಲಿ?”

“ಕುರಿಹಿಂಡು ಒಂದ ಹೊಲದಾಗ ಎರಡು ರಾತ್ರಿ, ಹೆಚ್ಚಂದ್ರ ಮೂರು. ನೆಲಕ್ಕ ಗೊಬ್ಬರ ಬಿತ್ತು ಅಂದ್ರ ಮುಂದಿನವರ ಹೊಲಕ್ಕ ಹೊಂಟ್ವು. ವಾರಗಟ್ಟಲೆ ಒಂದ ಕಡೆ ನಿಂತ್ರ ಅವು ತಿನ್ನೂದು ಏನ್ರೀ, ಕಲ್ಲ?” ಎಂದ ರೈತ. “ಪಡುವಲ ದಾರಿ ಹಿಡದಾರ.”

ಮುಂದಿನ ಗುರುವಾರ ಎಂಬುದು ಕುರಿಗಾರತಿಗೆ ಇರಲೇ ಇಲ್ಲ ಎಂದು ನರ್ಸಿಗೆ ಆಗ ಹೊಳೆಯಿತು.

ಅವಳು ಸೀಸೆಯನ್ನು ಮಂಜುಗಡ್ಡೆಯ ಥರ್ಮಾಸಿನಲ್ಲಿಟ್ಟುಕೊಂಡು ನಡೆದಳು. ದಾರಿ ಕೇಳಬೇಕಾಗಲಿಲ್ಲ. ಕುರಿಹಿಕ್ಕೆ ಬಿದ್ದ ಹೊಲಗಳೇ ದಾರಿ ತೋರಿಸಿದವು. ಮೊದಲ ಹೊಲದ ಹಿಕ್ಕೆ ಒಣಗಿತ್ತು. ಎರಡನೆಯದು ಅರ್ಧ ಒಣಗಿತ್ತು. ಮೂರನೆಯದು ಇನ್ನೂ ಹಸಿಯಿತ್ತು. ಅದರಾಚೆಯ ಹೊಲದಲ್ಲಿ ಕುರಿಗಾರ ಕುರಿ ಕೂಡುವ ಬಲೆಯ ಗೂಟ ಕೀಳುತ್ತಿದ್ದ. ಆ ಸಂಜೆ ಹಿಂಡು ಪಡುವಲ ಊರಿನಲ್ಲಿ ತಂಗಬೇಕಿತ್ತು.

ಕೂಸು ತಾಯಿಯ ತೊಡೆಯ ಮೇಲಿತ್ತು. ನರ್ಸ್ ಮಾತಾಡುವ ಮೊದಲು ಅದರ ಹಣೆ ಮುಟ್ಟಿದಳು, ಕಿವಿಯ ಹಿಂದೆ ನೋಡಿದಳು, ಅಂಗಿ ಎತ್ತಿ ಹೊಟ್ಟೆ ನೋಡಿದಳು. ಮೈ ತಣ್ಣಗಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಅವಳು ನೆಲದ ಮೇಲೆ ಕುಳಿತುಬಿಟ್ಟಳು.

ಕುರಿಗಾರತಿ ನೀರು ಕೊಟ್ಟಳು. “ನಮ್ಮ ತಂಡದಾಗ ಕೂಸು ಇನ್ನೂ ಇದೊಂದ ಐತ್ರಿ ಅಕ್ಕಾರ. ಉಳಿದ ನಾಕು ಹಡಿಯಾಕ ಆಗಲಿಲ್ಲ.”

ಈ ಸಲ ನರ್ಸ್ ನಕ್ಕಳು. ಸೀಸೆ ತೆರೆದಳು, ಚುಚ್ಚಿದಳು. ಕೂಸು ಹಿಂಡೆಲ್ಲ ಬೆದರುವಂತೆ ಅತ್ತಿತು. ನಾಲ್ಕು ಗಂಟೆಯೊಳಗೆ ತಲುಪುವಷ್ಟು ಹತ್ತಿರ ಬೇರೆ ಕೂಸಿರಲಿಲ್ಲ. ಪಡುವಲ ಊರಿನಲ್ಲಿ ದಡಾರ ಎದ್ದಿದೆ, ಲಸಿಕೆ ಮೈಗೆ ಹತ್ತಲು ಕೆಲವು ದಿನ ಬೇಕು ಎಂದು ಅವಳು ಹೇಳಿದಾಗ ಕುರಿಗಾರ ಹೆಚ್ಚು ಯೋಚಿಸಲಿಲ್ಲ, ಹಿಂಡನ್ನು ಮೂಡಲಿಗೆ ತಿರುಗಿಸಿದ. ಮಳೆಗಾಲಕ್ಕೆ ಅವರು ಊರಿಗೆ ಮರಳುವಾಗ ಕೂಸು ಅವ್ವನ ಮುಂದೆ ಮುಂದೆ ನಡೆಯುತ್ತಿತ್ತು.

ಅನುಸೂಯಾಬಾಯಿ ಇಲ್ಲಿಗೆ ನಿಲ್ಲಿಸಿದರು. ಶಿವಲೀಲಾ ಹಗುರಾಗಿ ಉಸಿರು ಬಿಟ್ಟು, “ಮತ್ತೆ ಆ ಸೊನ್ನೆಗಳ ಕಲಂ, ಬಾಯಾರ?” ಎಂದು ಕೇಳಿದಳು.

ಅನುಸೂಯಾಬಾಯಿ ತಮ್ಮದೇ ಅಕ್ಷರವಿದ್ದ ಡೈರಿಯ ಹಾಳೆಯನ್ನು ಅವಳತ್ತ ತಿರುಗಿಸಿ ಹೇಳಿದರು:

“ಕೊನೆಗೆ ಚೆಲ್ಲಿದ್ದು ನಾಲ್ಕು ಡೋಸ್, ಮೊದಲ ದಿನ ಬಾಗಿಲಲ್ಲೇ ಸೀಸೆ ತೆರೆದಿದ್ದರೂ ಅದೇ ನಾಲ್ಕು.”