ಬೀಗದೊಳಗೆ ಕೊಳೆತ ಮೆಣಸಿನಕಾಯಿ

ಖಾನಾವಳಿಯ ಫಕೀರೇಶನ ಮಾಳಿಗೆ ಮೇಲಿನ ನೀರಿನ ಟಾಕಿ ಒಡೆದು, ಪಕ್ಕದ ಬಸವಣ್ಣೆಪ್ಪನ ಗೋದಾಮಿಗೆ ನೀರು ನುಗ್ಗಿತು. ಒಣಮೆಣಸಿನಕಾಯಿ ಚೀಲಗಳೆಲ್ಲ ತೊಯ್ದು ತೊಪ್ಪೆಯಾದವು. ವರ್ಷವಿಡೀ ಬಸವಣ್ಣೆಪ್ಪನ ಮನೆ ನಡೆಯುತ್ತಿದ್ದುದೇ ಆ ಮಾಲಿನ ಮೇಲೆ.

ಫಕೀರೇಶ ಓಡಿಬಂದು ಕೈಮುಗಿದ. "ತಪ್ಪು ನಂದೇ ಅಣ್ಣಾ. ಹಳೇ ಟಾಕಿ, ಬದಲಿಸಬೇಕಿತ್ತು. ಹೊರಗ ರಣಬಿಸಿಲು ಐತಿ. ನನ್ನ ಮಾಳಿಗಿ ಖಾಲಿ ಮಾಡಿಸೀನಿ, ಆಳು ಕರದೀನಿ. ಈಗ ಹರವಿದ್ರ ಮುಕ್ಕಾಲು ಮಾಲು ಉಳೀತೈತಿ."

ಮೆಣಸಿನಕಾಯಿ ಸೀಮೆಯಲ್ಲಿ ಮಾಲು ತೊಯ್ದರೆ ವೈರಿಯೂ ಬಂದು ಹರವಲು ಕೈಹಚ್ಚುತ್ತಾನೆ. ಆದರೆ ಬಸವಣ್ಣೆಪ್ಪನ ತಲೆಯಲ್ಲಿ ದುರಾಸೆ ಹೊಕ್ಕಿತ್ತು. ಒಣಗಿಸಿದರೆ ಪರಿಹಾರ ಕಡಿಮೆಯಾದೀತು; ಕೊಳೆತರೆ ಪೂರ್ತಿ ಮಾಲಿನ ಬೆಲೆ ಫಕೀರೇಶನ ಕೊರಳಿಗೇ!

"ಯಾರೂ ಮುಟ್ಟಬ್ಯಾಡ್ರಿ. ಇದು ಕೋರ್ಟಿಗೆ ಸಾಕ್ಷಿ," ಎಂದು ಬೀಗ ಜಡಿದ.

ಅಯ್ಯೋ ಪುಣ್ಯಾತ್ಮ! ಸಾಕ್ಷಿಗೆ ಫೋಟೊ ತೆಗೆಸಿ, ಒಂದೆರಡು ಚೀಲ ಎತ್ತಿಟ್ಟಿದ್ದರೆ ಸಾಲುತ್ತಿರಲಿಲ್ಲವೇ?

ಮರುದಿನ ಹೆಂಡತಿ ನೀಲವ್ವ ಗಾಬರಿಯಾಗಿ ಬಂದಳು. "ಏನ್ರೀ, ಒಳಗ ಮಾಲು ಕಾವು ಹಿಡದೈತಿ. ಘಾಟು ಹೋಗಿ ಬೂಸಲು ವಾಸನಿ ಬರಾಕತ್ತೈತಿ. ಕೀಲಿ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಬಸವಣ್ಣೆಪ್ಪ ಜೇಬಿಗೆ ಕೈ ಹಾಕಿದ. ಕೀಲಿ ಬೆರಳಿಗೆ ತಾಗಿತು. ತೆಗೆದುಬಿಡಲೇ? ಅಷ್ಟರಲ್ಲಿ ಫಕೀರೇಶ ಮತ್ತೆ ಬರುವುದು ಕಾಣಿಸಿತು. ಸಿಟ್ಟು ನೆತ್ತಿಗೇರಿತು. "ಪೂರ್ತಿ ರೊಕ್ಕ ಅವನೇ ಕೊಡಲಿ!" ಎಂದು ಮುಖ ತಿರುಗಿಸಿ ನಡೆದುಬಿಟ್ಟ. ಬಿಸಿಲು ದಿನವೂ ಕಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ.

ದಾವೆ ನಡೆಯಿತು. ತೀರ್ಪಿನ ದಿನ ಬಂತು.

ನ್ಯಾಯಾಧೀಶರು ಕೇಳಿದರು: "ಟಾಕಿ ಒಡೆದದ್ದಕ್ಕೆ ಫಕೀರೇಶ ಹೊಣೆ, ಅದನ್ನು ಅವರೂ ಒಪ್ಪಿದ್ದಾರೆ. ಆದರೆ ಒಣಗಿಸಿಕೊಡುತ್ತೇನೆ ಅಂತ ಅವರು ಬಂದಾಗ ತಡೆದವರು ಯಾರು?"

ಬಸವಣ್ಣೆಪ್ಪ ಒಪ್ಪಿಕೊಂಡ: "ನಾನೇರಿ, ಸಾಹೇಬ್ರ."

"ಹಾಗಾದರೆ, ಒಣಗಿಸಿದ್ದರೂ ಕೆಡುತ್ತಿದ್ದ ಕಾಲುಭಾಗಕ್ಕೆ ಅವರು ಪರಿಹಾರ ಕೊಡಲಿ. ಉಳಿದದ್ದನ್ನು ಕೊಳೆಸಿದವರು ನೀವು. ಅದನ್ನು ನೀವೇ ಹೊರಬೇಕು."

ಊರಿಗೆ ಬಂದು ಗೋದಾಮು ತೆರೆದರೆ ಕೆಂಪು ಮಾಲೆಲ್ಲ ಕಪ್ಪು ಗೊಬ್ಬರವಾಗಿತ್ತು. ನೀಲವ್ವ ಹೊಸ್ತಿಲಲ್ಲೇ ಕುಸಿದು ಅತ್ತಳು. ಬಸವಣ್ಣೆಪ್ಪ ಆ ಗೊಬ್ಬರವನ್ನು ತಾನೇ ಬುಟ್ಟಿಗೆ ತುಂಬಿ ಹೊರತೊಡಗಿದ.

ನೀತಿ: ನಷ್ಟ ಮಾಡಿದವರಿಂದ ಪರಿಹಾರ ಕೇಳಿ, ಅದು ನಿಮ್ಮ ಹಕ್ಕು. ಆದರೆ ಉಳಿಯುವುದನ್ನು ಮೊದಲು ಉಳಿಸಿಕೊಳ್ಳಿ. ಇನ್ನೊಬ್ಬರ ಹೊರೆ ಹೆಚ್ಚಲೆಂದು ಕೈಯಾರೆ ಕೆಡಿಸಿದ ಮಾಲಿಗೆ ಯಾವ ನ್ಯಾಯಾಲಯವೂ ಬೆಲೆ ಕಟ್ಟಿಕೊಡುವುದಿಲ್ಲ.