ತಾಟೆಗೆ ಕಟ್ಟಿದ ಗಾಳ

ಗುರು ಎಂದರೆ ಗಡ್ಡ, ಕಾವಿ, ಹುಲಿಚರ್ಮ ಎಂದುಕೊಂಡವರು ಹೆರಿಯಜ್ಜನನ್ನು ನೋಡಿದರೆ ನಕ್ಕುಬಿಡುತ್ತಾರೆ. ಮೊಣಕಾಲಿನ ಮೇಲೆ ಕಟ್ಟಿದ ಲುಂಗಿ, ತಲೆಗೊಂದು ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ಕೈಯಲ್ಲಿ ನೈಲಾನ್ ದಾರ ಸುತ್ತಿದ ಬಾಟಲಿ. ದೋಣಿ ಹತ್ತುವವನಲ್ಲ, ಬಲೆ ಬೀಸುವವನೂ ಅಲ್ಲ. ದಡದಲ್ಲಿ ನಿಂತು ಕಡಲಿಗೆ ಗಾಳ ಎಸೆಯುವುದೊಂದೇ ಅವನು ಬಲ್ಲ ವಿದ್ಯೆ.

ಅವನಿಗಿದ್ದ ಶಿಷ್ಯ ಒಬ್ಬನೇ, ಸುಧಾಕರ. ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ, ಬಿಡುವಾದಾಗಲೆಲ್ಲ ಅಜ್ಜನ ಬೆನ್ನಹಿಂದೆ.

ಮೊದಲ ವರ್ಷ ಅಜ್ಜ ಕಲಿಸಿದ್ದು ಒಂದೇ ಮಾತು.

"ಮರಿ ಬಾಯಿಗೆ ಹೋಪ ಗಾಳ ಕಟ್ಟಬೇಡ."

ಸುಧಾಕರ ಅದನ್ನು ವೇದವಾಕ್ಯ ಮಾಡಿಕೊಂಡ. ತನ್ನ ಹತ್ತಿರವಿದ್ದ ಸಣ್ಣ ಗಾಳಗಳನ್ನೆಲ್ಲ ಬಿಸಾಡಿದ. ಬೇರೆಯವರ ಬುಟ್ಟಿಯಲ್ಲಿ ಬೆರಳುದ್ದದ ಮೀನು ಕಂಡರೆ ಬಾಯಿಗೆ ಬಂದಂತೆ ಬೈದ. "ನನ್ನ ಗಾಳಕ್ಕೆ ಇವತ್ತಿನವರೆಗೆ ಒಂದ್ ಮರಿ ಸಿಕ್ಲಿಲ್ಲೆ" ಎಂದು ಐಸ್ ಪ್ಲಾಂಟಿನ ತುಂಬ ಹೇಳಿಕೊಂಡು ತಿರುಗಿದ. ಕೇಳಿ ಕೇಳಿ ಅಲ್ಲಿನವರಿಗೆ ತಲೆ ಚಿಟ್ಟು ಹಿಡಿದಿತ್ತು.

ಮಳೆಗಾಲಕ್ಕೆ ಇನ್ನು ಹದಿನೈದು ದಿನ ಇರುವಾಗ ಅವನ ಹೆಂಡತಿ ಜಲಜ ಹೆತ್ತಳು. ಹೆಣ್ಣು ಮಗು. ಒಂಬತ್ತು ದಿನ ಕಳೆದರೂ ಎದೆಹಾಲು ಸರಿಯಾಗಿ ಇಳಿಯಲಿಲ್ಲ. ಡಬ್ಬಿ ಹಾಲು ಕೊಟ್ಟರೆ ಮಗು ಕಕ್ಕುತ್ತಿತ್ತು. ಹುಟ್ಟಿದಾಗಿನ ತೂಕಕ್ಕಿಂತ ಇಳಿದಿದೆ ಎಂದು ನರ್ಸ್ ಹೇಳಿದ ಮೇಲೆ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ.

"ತಾಟೆ ಮೀನಿನ ಸಾರು ಕೊಡ್ಕ್. ನಾಕ್ ದಿನ ಉಂಡ್ರೆ ಹಾಲ್ ತಂತಾನೇ ಇಳಿತ್ತ್" ಎಂದಳು ಅತ್ತೆ, ಜಲಜಳ ತಾಯಿ.

ತಾಟೆ ಎಂದರೆ ತೋಳುದ್ದದ ಶಾರ್ಕ್. ಆ ದಡದವರ ಪಾಲಿಗೆ ಬಾಣಂತಿಗೆ ಅದಕ್ಕಿಂತ ದೊಡ್ಡ ಮದ್ದಿಲ್ಲ. ಆದರೆ ಗಾಳಿ ಎದ್ದು ಮೂರು ದಿನದಿಂದ ದೋಣಿಗಳು ನೀರಿಗಿಳಿದಿರಲಿಲ್ಲ. ಪೇಟೆಯಲ್ಲಿದ್ದದ್ದು ಐಸಿನಲ್ಲಿಟ್ಟ ಹಳೆಯ ಮೀನು. ಐಸ್ ಮೀನು ಬಾಣಂತಿಯ ಕೋಣೆಯ ಹತ್ತಿರವೂ ಬರಕೂಡದೆಂದು ಅತ್ತೆಯ ಕಟ್ಟಪ್ಪಣೆ. ಐಸಿನಿಂದಲೇ ಉಣ್ಣುವ ಅಳಿಯ ಏನು ಹೇಳಿಯಾನು?

ಬಿಸಿಲು ಇಳಿಯುವ ಹೊತ್ತಿಗೆ ಅವನು ಓಡೋಡಿ ಅಜ್ಜನ ಹತ್ತಿರ ಬಂದ.

"ಅಜ್ಜಯ್ಯ, ತಾಟೆ ಬೇಕ್. ಇವತ್ತೇ ಬೇಕ್. ಮಗು ಅಳೂದನ್ನೂ ಬಿಟ್ಟಿತ್ತ್."

ಅಜ್ಜ ಗಾಳದ ಡಬ್ಬಿಯನ್ನೂ ಎರೆಯ ಬುಟ್ಟಿಯನ್ನೂ ಅವನ ಕಡೆ ದೂಡಿದ.

"ಆರ್ಸ್ಕೋ."

ಬುಟ್ಟಿಯಲ್ಲಿ ಸಿಗಡಿ ಇತ್ತು, ಮರಳ ಏಡಿ ಇತ್ತು, ಎರಡು ಬಂಗುಡೆ ಮೀನಿತ್ತು. ಸಿಗಡಿಗೆ ಬರುವುದು ಕಾಣೆ ಮೀನು, ತಾಟೆ ಬರಬೇಕಾದರೆ ನೆತ್ತರಿನ ವಾಸನೆ ಬೇಕು. ಸುಧಾಕರ ಬಂಗುಡೆಯನ್ನು ತೊಳೆಯದೆ ಓರೆಯಾಗಿ ಕೊಯ್ದ. ನೈಲಾನ್ ದಾರವನ್ನು ತಾಟೆ ಒಂದೇ ಕಡಿತಕ್ಕೆ ತುಂಡು ಮಾಡುತ್ತದೆ. ಅದಕ್ಕೆ ದಾರದ ತುದಿಗೆ ಸ್ಕೂಟರಿನ ಕ್ಲಚ್ ತಂತಿಯ ಎಳೆ ಬಿಗಿದ. ಭಾರಕ್ಕೆ ಹಳೆಯ ಸ್ಪಾರ್ಕ್ ಪ್ಲಗ್. ಕೊನೆಗೆ ಡಬ್ಬಿಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಗಾಳವನ್ನು ಎತ್ತಿದ.

"ಯಾರನ್ನ ಕರೀತಾ ಇದ್ದೆ?" ಅಜ್ಜ ಕೇಳಿದ.

"ತಾಟೆಯನ್ನ."

"ತಾಟೆಯೊಳಗೆ ಯಾರನ್ನ?"

"ದೊಡ್ಡದನ್ನ. ನಾನ್ ಮರಿ ಹಿಡಿವವ ಅಲ್ಲ, ನಿಮ್ಗ್ ಗೊತ್ತಿತ್ತಲ್ಲ."

ಅಜ್ಜ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಅದೇ ಬಾಯಿಗೆ ಎಲೆಯಡಿಕೆ ಹಾಕಿಕೊಂಡ.

ಸುಧಾಕರ ಸೊಂಟದವರೆಗೆ ನೀರಿಗಿಳಿದು, ಮೂರನೆಯ ತೆರೆ ಒಡೆಯುವ ಜಾಗದ ಆಚೆಗೆ ಬೀಸಿ ಎಸೆದ. ದಡಕ್ಕೆ ಬಂದು ದಾರವನ್ನು ತೋರುಬೆರಳಿನ ಮೇಲೆ ಹಿಡಿದು ನಿಂತ.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ದಾರ ಬೆರಳನ್ನು ಕೊಯ್ಯುವ ಹಾಗೆ ಓಡಿತು.

"ಬಂತ್ ಅಜ್ಜಯ್ಯ! ಬಂತ್!"

ಎಳೆದ, ಬಿಟ್ಟ, ಮತ್ತೆ ಎಳೆದ. ಅಂಗೈ ಸುಲಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಒಂದು ತೆರೆ ತಾನೇ ತಂದು ಹಾಕಿದಂತೆ ಅದನ್ನು ಮರಳ ಮೇಲೆ ಬಿಸಾಡಿತು. ತೋಳಿಗಿಂತ ಉದ್ದದ ತಾಟೆ. ಹೊಟ್ಟೆ ಉಬ್ಬಿಕೊಂಡಿತ್ತು.

"ಕಾಣಿ, ಎಷ್ಟ್ ದಪ್ಪ ಕಾಣಿ! ನಾಕ್ ದಿನಕ್ಕೆ ಸಾಕ್!"

ತಾಟೆ ಬಿಲ್ಲಿನ ಹಾಗೆ ಬಗ್ಗಿತು. ಹಿಂದಿನಿಂದ ಏನೋ ಜಾರಿ ಮರಳಿಗೆ ಬಿತ್ತು. ಕರುಳು ಎಂದುಕೊಂಡ ಸುಧಾಕರ.

ಕರುಳು ಬಾಲ ಬಡಿಯಿತು.

ಅದಕ್ಕೆ ಕಣ್ಣಿತ್ತು. ಬೆನ್ನ ಮೇಲೆ ರೆಕ್ಕೆ ಇತ್ತು. ಗೇಣುದ್ದದ, ಪೂರ್ತಿ ಮೈಯ ತಾಟೆ. ಅದರ ಹಿಂದೆಯೇ ಇನ್ನೊಂದು. ಆಮೇಲೆ ಮತ್ತೊಂದು, ಹೊಕ್ಕುಳ ಬಳ್ಳಿಯ ಸಮೇತ.

ತಾಟೆ ಮರಿ ಹಾಕುತ್ತದೆ ಎಂದು ಅವನು ಕೇಳಿ ಬಲ್ಲ. ಕಣ್ಣಾರೆ ಕಂಡದ್ದು ಇದೇ ಮೊದಲು. ಕೈಯಿಂದ ದಾರ ಜಾರಿತು. ಕಾಲು ಮರಳಲ್ಲಿ ಹೂತುಹೋದಂತೆ ನಿಂತೇ ಇದ್ದ.

"ನಿಂತ್ಕಂಡ್ ಕಾಂಬ್ದ್ ಎಂತ! ನೀರಿಗೆ ಬಿಡ್!"

ಎಪ್ಪತ್ತು ದಾಟಿದ ಅಜ್ಜ ತಲೆಯ ಮುಟ್ಟಾಳೆ ತೆಗೆದು, ಅದರಲ್ಲಿ ಮರಿಗಳನ್ನು ತುಂಬಿಕೊಂಡು ತೆರೆಗೆ ನುಗ್ಗಿದ. ಆಗ ಸುಧಾಕರನಿಗೆ ಎಚ್ಚರವಾಯಿತು. ಬಗ್ಗಿ ಒಂದನ್ನು ಎತ್ತಿದ. ಅದು ಅಂಗೈಯಲ್ಲಿ ಮುದುಡಿತು. ಆಸ್ಪತ್ರೆಯಲ್ಲಿ ಮೊದಲ ಸಲ ಎತ್ತಿದಾಗ ಮಗುವೂ ಹೀಗೇ ಮುದುಡಿತ್ತು.

ಒಟ್ಟು ಏಳು. ನಾಲ್ಕು ಈಜಿ ಹೋದವು. ಮೂರು ಹೊಟ್ಟೆ ಮೇಲಾಗಿ ತೇಲಿದವು.

ಸುಧಾಕರ ತಿರುಗಿ ಓಡಿ ಬಂದು ತಾಯಿಯ ಪಕ್ಕ ಕುಸಿದು ಕೂತ. ಅದು ಇನ್ನೂ ಉಸಿರಾಡುತ್ತಿತ್ತು. ಕಿವಿರಿನಿಂದ ನೆತ್ತರು ಬರುತ್ತಿತ್ತು.

"ಇದನ್ನೂ ಬಿಡುವ ಅಜ್ಜಯ್ಯ. ನಂಗ್ ಬೇಡ. ಬಿಟ್ಬಿಡುವ."

ಅಜ್ಜ ಅದರ ಬಾಯಿ ತೆರೆದು ನೋಡಿದ. ಪಕ್ಕದಲ್ಲಿದ್ದ ಕೊರಡು ಎತ್ತಿದ. ತಲೆಯ ಮೇಲೆ ಒಂದೇ ಏಟು.

ತಾಟೆ ಸುಮ್ಮನಾಯಿತು.

"ಅಜ್ಜಯ್ಯಾ!" ಸುಧಾಕರ ಕಿರುಚಿದ. ಮೂರು ವರ್ಷದಲ್ಲಿ ಒಮ್ಮೆಯೂ ಗುರುವಿನೆದುರು ದನಿ ಏರಿಸಿದವನಲ್ಲ. "ನಿಮ್ಗ್ ಕರುಳಿಲ್ಯಾ?"

"ಗಾಳ ಹೊಟ್ಟೆಗಿಳಿದಿತ್ತ್. ಬಿಟ್ರೆ ಎರಡ್ ದಿನ ನರಳಿ ಸಾಯ್ತಿತ್ತ್. ನೀನ್ ಮಾತ್ರ ಪುಣ್ಯ ಮಾಡ್ದೆ ಅಂದ್ಕಂಡ್ ಚೆಂದ ನಿದ್ರೆ ಮಾಡ್ತಿದ್ದೆ."

ಸುಧಾಕರನಿಗೆ ಆಗ ಹೊಳೆಯಿತು.

"ನಿಮ್ಗ್ ಮೊದ್ಲೇ ಗೊತ್ತಿತ್ತಾ?"

"ಈ ತಿಂಗಳಲ್ಲಿ ಬಸುರಿ ತಾಟೆ ಹೆರೂಕೆ ದಡಕ್ಕೆ ಬತ್ತ್. ಗೊತ್ತಿತ್ತ್."

"ಮತ್ತೆಂತಕ್ಕೆ ಹೇಳ್ಲಿಲ್ಲೆ? ಮರಿ ಬಾಯಿಗೆ ಹೋಪ ಗಾಳ ಕಟ್ಟಬೇಡ ಅಂದದ್ದ್ ನೀವೇ ಅಲ್ದಾ? ನಾನ್ ಅದನ್ನೇ ನಂಬ್ಕಂಡ್ ಇದ್ದೆ!"

"ಹೌದ್. ನೀನ್ ಅದನ್ನೇ ನಂಬ್ಕಂಡ್ ಇದ್ದೆ. ಕಡಲನ್ನ ಒಂದ್ ಸಲವೂ ಕಾಣ್ಲಿಲ್ಲೆ."

"ಹೇಳಿದ್ರೆ ನಾನ್ ಎಸೀತಿರ್ಲಿಲ್ಲೆ!"

"ಎಸೀತಿರ್ಲಿಲ್ಲೆ. ಬರಿಗೈಯಲ್ಲಿ ಮನೆಗೆ ಹೋತಿದ್ದೆ." ಅಜ್ಜ ಕೊರಡನ್ನು ಮರಳಲ್ಲಿ ಉಜ್ಜಿದ. "ನಿನ್ನ ಮಗುವನ್ನ ನಿನ್ನೆ ನಾನ್ ಕಂಡ್ ಬಂದಿದ್ದೆ. ಹಂಗಾಗಿ ನಾನೂ ಒಂದನ್ನ ಆರ್ಸ್ಕಂಡೆ."

ಸುಧಾಕರನಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ತೆರೆ ಬಂದು ಸತ್ತ ಮರಿಯೊಂದನ್ನು ಅವನ ಕಾಲಿನ ಹತ್ತಿರ ತಂದಿಟ್ಟು ಹೋಯಿತು.

"ಹಂಗಾರೆ ಯಾವ ಗಾಳ ಕಟ್ಟಬೇಕಿತ್ತ್ ಅಜ್ಜಯ್ಯ?"

"ಯಾವ್ದ್ ಕಟ್ಟಿರೂ ಯಾರದ್ದೋ ಮಗುವೋ ಯಾರದ್ದೋ ತಾಯಿಯೋ ಬತ್ತಿತ್ತ್. ಅದನ್ನ ತಿಳ್ಕಂಡ್ ಕಟ್ಟಬೇಕಿತ್ತ್. ನಂಗ್ ಪಾಪ ಇಲ್ಲೆ ಅಂದ್ಕಂಡ್ ಕಟ್ಟಿದೆ ನೀನ್."

ಅಜ್ಜ ಅಲ್ಲೇ ಕೂತು ತಾಟೆಯನ್ನು ಕೊಯ್ದ. ಕಡಲ ನೀರಿನಲ್ಲಿ ತೊಳೆದು, ಬಾಳೆ ಎಲೆಯಲ್ಲಿ ಕಟ್ಟಿ, ಶಿಷ್ಯನ ಮುಂದೆ ಹಿಡಿದ. ಸುಧಾಕರ ಕೈ ಚಾಚಲಿಲ್ಲ.

"ಹಿಡಿ. ಅತ್ತೆ ಒಲೆ ಹತ್ತಿಸಿ ಕಾಯ್ತಾ ಇರ್ತಾರೆ."

ಹಿಡಿದ. ಎಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ನಾಲ್ಕು ಹೆಜ್ಜೆ ಹೋದವನು ನಿಂತ.

"ಅವ್ಳಿಗೆ ಎಂತದೂ ಹೇಳ್ದೆ ಬಡಿಸ್ತೆ."

"ಹೇಳಿ ಬಡಿಸ್."

"ಏಳ್ ಮರಿ ಅಂದ್ರೆ ಅವ್ಳ್ ಅಳ್ತಳ್ ಅಜ್ಜಯ್ಯ."

"ಅಳ್ಲಿ. ಅಳು ಬರೂ ಕಡೆಯಿಂದ್ಲೇ ಹಾಲೂ ಬರೂದ್."