ರಾಣಿಯ ಮನೆಗಾಡಿಯ ಟೈರು

"ಕೇಳ್ರಪ್ಪೋ ಕೇಳ್ರಿ! ಘಟ್ಟದಲ್ಲಿ, ಒಳಗೇ ಉಂಡು ಮಲಗುವ ಮನೆಗಾಡಿಯ ಟೈರು ಸಿಡಿದು ಮಹಾರಾಣಿಯವರು ತೀರಿಕೊಂಡಿದ್ದಾರೆ. ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದವನು ಹೊಸ ಟೈರು ಹಾಕಿಸಿದ ಅದೇ ಗಾಡಿಯ ಚಕ್ರದಡಿಗೆ. ರಾಣಿಯನ್ನು ಕೊಂದವನು ಸಿಕ್ಕರೆ ಅವನೂ ಅಲ್ಲಿಗೇ. ಯಾರೂ ಬಿಡಿಸದಿದ್ದರೆ ಸಂಜೆಗೆ ಡ್ರೈವರ್ ಬೊಮ್ಮ!"

ಡಂಗುರ ಕೆಂಚನ ಕಿವಿಗೂ ಬಿತ್ತು. ಬೊಮ್ಮ ಅವನ ಒಡಹುಟ್ಟಿದ ಅಣ್ಣ. ಹಳೇ ಟೈರು ಕೊಯ್ದು ಮೆಟ್ಟು ಹೊಲಿಯುವ ಕೆಂಚ, ಕೈಯಲ್ಲಿದ್ದುದನ್ನು ಎಸೆದು ಅರಮನೆಗೆ ಓಡಿದ.

"ನಡೆದರೆ ಸವೆಯುತ್ತದೆ, ನಿಂತರೆ ಸಾಯುತ್ತದೆ. ಏನದು?" ರಾಜಕುಮಾರಿ ಪದುಮಳೆ ಕೇಳುತ್ತಿದ್ದಳು.

"ಕುದುರೆ" ಎಂದ ಪರದೇಶದ ರಾಜಕುವರ, ಮೀಸೆ ತೀಡುತ್ತ. ಗಾಡಿ ಹರಿದ ಮೇಲೆ ಮೀಸೆಯೂ ಉಳಿಯಲಿಲ್ಲ.

ಗರುಡ ಮುದ್ರೆಯ ಟೈರು ಮಾರುವ ಸಾಹುಕಾರ ಮುಂದೆ ಬಂದ. "ಟೈರು" ಎಂದು ಮೊದಲನೆಯದನ್ನು ಗೆದ್ದ.

"ಮುಖದಲ್ಲಿ ಹರೆಯ, ಕೆನ್ನೆಯಲ್ಲಿ ಮುಪ್ಪು. ಮುಖ ನೋಡಿ ನಂಬಿದವನು ಕೆಟ್ಟ. ಏನದು?"

"ಆನೆ ಮುದ್ರೆಯ ಟೈರು, ತಾಯಿ! ನಮ್ಮ ಗರುಡ ಮುದ್ರೆ ಹಾಕಿಸಿದ್ದರೆ..." ಹುಟ್ಟುಗುಣ ಸುಟ್ಟರೂ ಹೋಗದು. ಚಕ್ರದಡಿಯಲ್ಲೂ ಗರುಡ ಮುದ್ರೆಯನ್ನು ಹೊಗಳುತ್ತಲೇ ಸತ್ತ. ರಾಜ ರಣಮಲ್ಲ ಹೊಟ್ಟೆ ಹಿಡಿದು ನಕ್ಕ.

ಕೆಂಚ ಮುಂದೆ ಬಂದು ಕೈಮುಗಿದ. "ಓಡಿದ್ರೆ ಸವೆಯೋದು, ಬಿಸಿಲಲ್ಲಿ ನಿಂತ್ರೆ ಒಣಗಿ ಸಾಯೋದು ಟೈರೇ, ತಾಯಿ. ಎರಡನೇದು ನಿಂತು ಹಳೇದಾದ ಟೈರು: ಮುಖ ಅಂದ್ರೆ ನೆಲ ಮುಟ್ಟೋ ಭಾಗ, ಕೆನ್ನೆ ಅಂದ್ರೆ ಅದರ ಪಕ್ಕೆ. ಮೆಟ್ಟಿನ ಅಟ್ಟೆಗೆ ನೆಲ ಮುಟ್ಟೋ ಭಾಗ ಕೊಯ್ತೀನಿ, ಪಟ್ಟಿಗೆ ಪಕ್ಕೆ. ನಿಂತ ಗಾಡಿ ಟೈರಲ್ಲಿ ಅಟ್ಟೆ ಗಟ್ಟಿ ಇರ್ತದೆ, ಪಟ್ಟಿ ಮಡಚಿದ್ರೆ ಬಿರೀತದೆ. ಯಾವ ಮುದ್ರೆ ಆದ್ರೂ ಅಷ್ಟೇ."

"ಎರಡೂ ಸರಿ. ಮೂರನೆಯದು: ನನ್ನ ತಾಯಿಯನ್ನು ಕೊಂದವರು ಯಾರು?" ಎಂದಳು ಪದುಮಳೆ.

ಗಾಡಿಯ ಪಕ್ಕ ಕಟ್ಟಿಹಾಕಿದ್ದ ಅಣ್ಣನ ಬೆನ್ನಿನ ಬಾಸುಂಡೆಯನ್ನು ಕೆಂಚ ನೋಡಿದ. ಹೇಳಿದರೂ ಸಾವು, ಹೇಳದಿದ್ದರೂ ಸಾವು.

"ಗಾಡೀನ ವರ್ಷಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಅದಕ್ಕೆ ಅಮೃತಶಿಲೆ ಸ್ನಾನದ ತೊಟ್ಟಿ ಹೇರಿದೋರು. ಟೈರು ಬಿರಿದದೆ, ಬದಲಾಯಿಸಿ ಅಂದ ನಮ್ಮಣ್ಣನಿಗೆ ಚಾವಟಿ ಬೀಸಿದೋರು. ಮಹಾಸ್ವಾಮಿಗಳು."

ನಗುತ್ತಿದ್ದ ರಾಜ ಥಟ್ಟನೆ ಎದ್ದು ನಿಂತ.

"ಸರಿಯುತ್ತರ" ಎಂದಳು ಪದುಮಳೆ. "ಬೊಮ್ಮನ ಕಟ್ಟು ಬಿಚ್ಚಿ. ಅಪ್ಪಾಜಿಯನ್ನು ಚಕ್ರದಡಿಗೆ ಮಲಗಿಸಿ."

"ನಿಮಗೆ ಮೊದ್ಲೇ ಗೊತ್ತಿತ್ತಾ, ತಾಯಿ? ಮತ್ತೆ ಆ ಇಬ್ಬರು?"

"ಬಾಯಿ ಬಿಟ್ಟು ಹೇಳುವವನೊಬ್ಬ ಬೇಕಿತ್ತು. ಅವರು ಹೇಳಲಿಲ್ಲ."

ರಾಜ ಅಂಗಲಾಚಿದ, ಬೈದ, ಕೊನೆಗೆ ಮಗುವಿನಂತೆ ಅತ್ತ. ಗಾಡಿ ನಿಧಾನವಾಗಿ ಹೋಯಿತು. ಮಗಳು ಕಣ್ಣು ಮಿಟುಕಿಸಲಿಲ್ಲ.

ಆಡಿದ ಮಾತಿನಂತೆ ಕೆಂಚನಿಗೆ ಅರ್ಧ ರಾಜ್ಯ ಸಿಕ್ಕಿತು, ಮದುವೆಯೂ ಆಯಿತು. ಮೊದಲ ರಾತ್ರಿ ಪದುಮಳೆ ಅವನ ಕಿವಿಯಲ್ಲಿ, "ಇನ್ನೊಂದು ಒಗಟು ಕೇಳಲೇ?" ಎಂದಳು.

ಅವನು ಅಲ್ಲಿ ಹಂಸತೂಲಿಕಾತಲ್ಪದ ಮೇಲೆ ಎಚ್ಚರವಾಗಿದ್ದಾನೆ. ನಾವು ಇಲ್ಲಿ ಚಾಪೆಯ ಮೇಲೆ ನಿದ್ದೆ ಮಾಡೋಣ.